ಹಿಂಗಿರ್ಬೇಕು ಅಂದವರು

ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ. ತೀರಿಹೋದವರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರಾ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಪಡುತ್ತಾರೆ. ಬದುಕಿದ್ದವರ ಮೇಲಾದರೆ, ಎಂದಾದರೂ ಒಂದು ದಿನ ಅವರೂ ಎಡವಿಬಿದ್ದಾರು ಎಂಬ ಆಸೆಯಾದರೂ ಇರುತ್ತದೆ. ಹೋದವರು ಇನ್ನು ಎಡವುವುದಿಲ್ಲ.

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆ. ವಾಹನಗಳಿಗೆ ಬೇಕಾದ ವೈರುಗಳನ್ನು ಕಟ್ಟುಕಟ್ಟಾಗಿ ಹೆಣೆದುಕೊಡುತ್ತೇವೆ. ಹೆಣೆಯುವ ಕೆಲಸ ಹೆಚ್ಚಾಗಿ ಹೆಂಗಸರದು. ಒಬ್ಬೊಬ್ಬರ ಮುಂದೆಯೂ ಒಂದೊಂದು ಕಂಪ್ಯೂಟರ್. ಅದನ್ನು ಅಲ್ಲಿ ಎಲ್ಲರೂ ಸಿಸ್ಟಮ್ ಎನ್ನುತ್ತಾರೆ. ಮುಂದಿನ ವೈರು ಕೆಂಪೋ ಹಳದಿಯೋ ಎಂದು ಅದು ತೋರಿಸುತ್ತದೆ. ಕಟ್ಟು ಮುಗಿದಾಗ ಅಂಟಿಸುವುದಕ್ಕೆ ಒಂದು ಲೇಬಲ್ ಪ್ರಿಂಟ್ ಮಾಡಿ ಕೊಡುತ್ತದೆ. ಸಿಸ್ಟಮ್ ನಿಂತರೆ ಕೈ ನಿಂತಿತು. ಅವು ನಿಲ್ಲದಂತೆ ನೋಡಿಕೊಳ್ಳುವವನು ನಾನು. ದೊಡ್ಡಮಳೂರಿನಿಂದ ಬೈಕಿನಲ್ಲಿ ಹೊರಟು ಶೆಡ್ಡಿನ ಬಾಗಿಲಿಗೆ ಬರುವುದೇ ತಡ, "ಅಣ್ಣಾ, ಇಲ್ಲೊಸಿ ಬನ್ನಿ", "ಅಣ್ಣಾ, ಇದ್ಯಾಕೋ ಮಕಾಡೆ ಮಲೀಕ್ಕಂಡದೆ" ಎಂಬ ಕೂಗು ಶುರುವಾಗುತ್ತಿತ್ತು. ಯಾವ ಸಿಸ್ಟಮ್ಮಿಗೆ ಯಾವ ಕಾಯಿಲೆ, ಯಾವುದಕ್ಕೆ ಎಲ್ಲಿ ತಟ್ಟಿದರೆ ಏಳುತ್ತದೆ, ಎಲ್ಲವೂ ನನಗೆ ಬಾಯಿಪಾಠ. ರಜೆ ಹಾಕಿದ ದಿನ ಫೋನು ಬಾಯಿ ಮುಚ್ಚುತ್ತಿರಲಿಲ್ಲ. "ನೀವಿಲ್ದೆ ಆ ಕಾರ್ಖಾನೆ ನಡೆಯಕ್ಕೇ ಇಲ್ವಾ?" ಎಂದು ಹೆಂಡತಿ ಸಿಡುಕಿದರೆ, "ಇಲ್ಲ" ಎಂದು ಎದೆ ಸೆಟೆಸಿ ಹೇಳುತ್ತಿದ್ದೆ.

ಇಂಥ ಜಾಗಕ್ಕೆ ಅವರು ಬಂದರು. ಕನಕಪುರದ ಕಡೆಯ ಹಳ್ಳಿಯವರು. ಹೊಲ ಉಂಟು, ಕುರಿ ಉಂಟು, ಗಂಡ ಮತ್ತು ಮಾವ ಅದನ್ನೆಲ್ಲ ನೋಡಿಕೊಳ್ಳುತ್ತಾರೆ. ಇವರು ಓದಿದ್ದು ಎಂಜಿನಿಯರಿಂಗ್, ಕೆಲಸ ಮಾಡಿದ್ದು ಅಲ್ಲಿಲ್ಲಿ, ಕೊನೆಗೆ ನಮ್ಮಲ್ಲಿ ನನ್ನ ಪಕ್ಕದ ಕುರ್ಚಿಗೆ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಹಿರಿಯರೇ ಇರಬೇಕು. ಆದರೂ ಬಂದ ದಿನವೇ ನನ್ನನ್ನು ಅಣ್ಣ ಎಂದರು. ನಾನು ಮೇಡಂ ಎಂದೆ. ಶೆಡ್ಡಿನ ಹೆಂಗಸರಿಗೆ ಅವರು ವಾರ ತುಂಬುವುದರೊಳಗೆ ಅಕ್ಕ ಆದರು. ನನಗೆ ಅಣ್ಣ ಎನಿಸಿಕೊಳ್ಳಲು ವರ್ಷಗಳು ಬೇಕಾಗಿದ್ದವು.

ಮೊದಲು ನನ್ನ ಕಣ್ಣು ಕುಕ್ಕಿದ್ದು ಅವರು ಕೂರುತ್ತಿದ್ದ ರೀತಿ. ಕೂತರೆ ಕೂತೇ ಇರುತ್ತಿದ್ದರು. ನಾನು ಲ್ಯಾಪ್‌ಟಾಪ್ ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದರೆ, ಅವರು ಮನೆಯಿಂದ ತಂದ ಕಾಕಡ ಮೊಗ್ಗನ್ನು ಮೇಜಿನ ಮೇಲೆ ಒದ್ದೆ ಬಟ್ಟೆಯಲ್ಲಿ ಹರಡಿಕೊಂಡು ಮಾಲೆ ಕಟ್ಟುತ್ತಿದ್ದರು. ಕಣ್ಣು ಪರದೆಯ ಮೇಲೆ, ಬೆರಳು ದಾರದ ಮೇಲೆ. ಊಟದ ಹೊತ್ತಿಗೆ ಆ ಮಾಲೆ ತುಂಡುತುಂಡಾಗಿ ಲೈನಿನ ಹೆಂಗಸರ ತಲೆಗೇರುತ್ತಿತ್ತು. ಸಂಬಳ ಹೂ ಕಟ್ಟುವುದಕ್ಕೋ ಎಂದು ಒಂದು ದಿನ ನಾನು ಕುಟುಕಿದೆ. ಅವರು ನಕ್ಕು, "ಕೆಲ್ಸ ನಡೀತಾ ಐತಲ್ಲಣ್ಣ" ಎಂದು ಪರದೆ ತೋರಿಸಿದರು. ನಿಜವಾಗಿಯೂ ನಡೆಯುತ್ತಿತ್ತು. ಅದಕ್ಕೇ ನನಗೆ ಉರಿದದ್ದು.

ಎರಡನೆಯದು ಅವರ ಮಾತು. ಯಾರಿಗೂ ಇದನ್ನು ಮಾಡು, ಅದನ್ನು ಮಾಡು ಎನ್ನುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಕೂತು, "ಮೇಜು ಒಣಗಿರ್ಬೇಕು" ಎನ್ನುತ್ತಿದ್ದರು, ಯಾರ ಮುಖವನ್ನೂ ನೋಡದೆ. ಯಾರೋ ಒಬ್ಬರು ಬಂದು ಒರೆಸುತ್ತಿದ್ದರು. ಮನೆಯಲ್ಲೂ ಹಾಗೇ ಅಂತೆ. "ನಾನು ಹೋಗೋ ಹೊತ್ಗೆ ಪಾತ್ರೆ ತೊಳೆದಿರ್ಬೇಕು ಅಂತೀನಿ. ಗಂಡ ತೊಳೀತಾರೋ, ಮಾವ ತೊಳೀತಾರೋ, ಅದು ಅವ್ರವ್ರಿಗೆ ಬುಟ್ಟಿದ್ದು" ಎಂದಿದ್ದರು. ನನ್ನ ಹೆಂಡತಿಗೆ ಇದನ್ನು ಹೇಳಿ ತಪ್ಪು ಮಾಡಿದೆ. ಅಂದಿನಿಂದ ನಮ್ಮ ಮನೆಯಲ್ಲೂ ಪಾತ್ರೆ ತೊಳೆದಿರಬೇಕು.

ಒಮ್ಮೆ ಅವರ ಮಗಳ ನಾಮಕರಣಕ್ಕೋ ನಾದಿನಿಯ ಮಗುವಿನ ನಾಮಕರಣಕ್ಕೋ ಎಲ್ಲರನ್ನೂ ಕರೆದಿದ್ದರು. ದಾರಿ ಹೇಳಿ ಎಂದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ನಾಲ್ಕು ಮಾತು ಹೇಳಿದರೆ ಆಗುತ್ತಿತ್ತು. ಅವರು ಹೇಳಿದ್ದು ಹೀಗೆ: "ಬೆನ್ನಿಂದೆ ಜೋಡಿ ಹುಣಸೆಮರ ಇರ್ಬೇಕು. ಎಡಕ್ಕೆ ಕುರಿ ಹಟ್ಟಿ ಇರ್ಬೇಕು. ಮುಂದ್ಗಡೆ ನೀಲಿ ಗೇಟಿರ್ಬೇಕು. ಹಂಗಿದ್ರೆ ನಮ್ಮನೆ ಮುಂದೆ ನಿಂತಿದ್ದೀರಿ ಅಂತ." ಕನಕಪುರ ದಾಟಿದ ಮೇಲೆ ಹುಣಸೆಮರ ಹುಡುಕುತ್ತಾ ಸುತ್ತಿ ಸುತ್ತಿ, ಬಿಸಿಲು ಕುಡಿದು, ಊಟ ಮುಗಿದ ಮೇಲೆ ತಲುಪುವ ಬದಲು ಅರ್ಧ ದಾರಿಯಲ್ಲೇ ವಾಪಸ್ಸಾದೆ. ಮಾರನೆಯ ದಿನ ಜಗಳಕ್ಕೆ ಹೋದರೆ, "ಪುಟ್ಟಸ್ವಾಮಣ್ಣ ಬಂದ್ರಲ್ಲ, ಫೋನಲ್ಲಿರೋ ನಕ್ಷೆಗೆ ನಮ್ಮನೆ ಎಲ್ಲೈತೆ ಅಂತ ಹೇಳುದ್ರಂತೆ, ದಾರಿ ಅದೇ ತೋರುಸ್ತಂತೆ" ಎಂದರು. ಪುಟ್ಟಸ್ವಾಮಿ ನಮ್ಮ ಶೆಡ್ಡಿನ ಸೂಪರ್‌ವೈಸರ್, ರಾಮನಗರದವನು, ನನ್ನ ಹಳೆಯ ದೋಸ್ತ್. ಹೋಳಿಗೆ ಬಹಳ ಚೆನ್ನಾಗಿತ್ತು ಕಣ್ಲಾ ಎಂದು ವಾರವೆಲ್ಲ ಹೇಳಿದ.

ಇಷ್ಟಕ್ಕೇ ನಿಂತಿದ್ದರೆ ಕುಹಕದ ಮಾತಾಡಿಕೊಂಡು ನಾನೂ ಹೇಗೋ ಇರುತ್ತಿದ್ದೆ. ಆದರೆ ಹಾರೋಹಳ್ಳಿಯಲ್ಲಿ ನಮ್ಮ ಎರಡನೇ ಶೆಡ್ ಕಟ್ಟತೊಡಗಿದರು. ಅದರ ಸಿಸ್ಟಮ್‌ಗಳಿಗೆಲ್ಲ ಒಬ್ಬ ಇನ್‌ಚಾರ್ಜ್ ಬೇಕು. ಆ ಕುರ್ಚಿ ನನ್ನದೇ ಎಂದು ನಾನು ಮನಸ್ಸಿನಲ್ಲೇ ಕೂತು ನೋಡಿದ್ದೂ ಆಗಿತ್ತು. ಹೆಂಡತಿಗೂ ಹೇಳಿದ್ದೆ, ಮಾವನ ಮನೆಯಲ್ಲೂ ಹೇಳಿಬಿಟ್ಟಿದ್ದೆ.

ನಮ್ಮ ಮ್ಯಾನೇಜರು ಮಾಗಡಿಯವರು, ಯಾವುದಕ್ಕೂ ಬೇಗ ಹೂಂ ಎನ್ನುವವರಲ್ಲ. ಇಬ್ಬರನ್ನೂ ಕೂರಿಸಿಕೊಂಡು, ಹೊಸ ಶೆಡ್ಡನ್ನು ನೀವಾದರೆ ಹೇಗೆ ಸಜ್ಜು ಮಾಡುತ್ತೀರಿ ಎಂದು ಕೇಳಿದರು.

ನನ್ನ ದಾರಿ ಎಲ್ಲರಿಗೂ ಗೊತ್ತಿದ್ದದ್ದು. ಸಿಸ್ಟಮ್ಮಿನ ಮುಂದೆ ಕೂರುವುದು, ಒಂದಾದ ಮೇಲೊಂದು ಅಪ್ಪಣೆ ಕೊಡುತ್ತಾ ಹೋಗುವುದು. ಇದನ್ನು ಹಾಕಿಕೋ, ಆ ಹಳೆಯದನ್ನು ಕಿತ್ತುಹಾಕು, ಪ್ರಿಂಟರನ್ನು ಹಿಡಿದುಕೋ, ಈಗ ಆರಿ ಮತ್ತೆ ಹತ್ತು. ಒಂದು ಮುಗಿದರೆ ಪಕ್ಕದ್ದು. ಮಾಡಿದ್ದು ಕಣ್ಣಿಗೆ ಕಾಣುತ್ತದೆ, ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಅವರ ದಾರಿ ಬೇರೆ. ಅವರು ಅಪ್ಪಣೆ ಕೊಡುವವರೇ ಅಲ್ಲ. ಎಲ್ಲ ಮುಗಿದ ಮೇಲೆ ಸಿಸ್ಟಮ್ ಹೇಗಿರಬೇಕು ಎಂಬುದನ್ನಷ್ಟೇ ಒಂದು ಫೈಲಿನಲ್ಲಿ ಬರೆಯುತ್ತಾರೆ. ಈ ಪ್ರೋಗ್ರಾಂ ಇರಬೇಕು, ಅದು ಇರಬಾರದು, ಪರದೆಯ ಮೇಲೆ ಇಂಥದ್ದು ಕಾಣಬೇಕು. ಹೇಗೆ ಎನ್ನುವುದನ್ನು ಇನ್ನೊಂದು ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಅದು ಗಳಿಗೆಗೊಮ್ಮೆ ಪ್ರತಿ ಸಿಸ್ಟಮ್ಮನ್ನೂ ಇಣುಕಿ, ಬರೆದದ್ದಕ್ಕೂ ಇರುವುದಕ್ಕೂ ತಾಳೆ ನೋಡಿ, ಹೆಚ್ಚುಕಮ್ಮಿಯಾಗಿದ್ದರೆ ಸರಿ ಮಾಡುತ್ತದೆ.

ಮ್ಯಾನೇಜರಿಗೆ ಅವರು ಬಿಡಿಸಿ ಹೇಳಿದ್ದು ಕುರಿಯ ಲೆಕ್ಕದಲ್ಲಿ. "ಸಾರ್, ಹೊತ್ತು ಮುಳುಗೋ ವ್ಯಾಳ್ಯಕ್ಕೆ ನಮ್ ಕುರಿ ಎಲ್ಲಾ ಹಟ್ಟಿ ಒಳಗಿರ್ಬೇಕು. ನಮ್ ಮಾವ ತಡಿಕೆ ಬಾಗ್ಲಲ್ಲಿ ನಿಂತ್ಕಂಡು ನೋಡ್ತಾರೆ. ಯಾವ್ದಾದ್ರೂ ಆಚೆ ಉಳ್ಕಂಡಿದ್ರೆ ಎಳ್ಕಂಡು ಬತ್ತಾರೆ. ಪಕ್ಕದ ಮನೇದು ಒಳಿಕ್ಕೆ ನುಗ್ಗಿದ್ರೆ ಆಚೆಗೆ ತಳ್ತಾರೆ. ಎಲ್ಲಾ ಸರಿಗಿದ್ರೆ ಸುಮ್ಕೆ ಬೀಡಿ ಹಚ್ಕತಾರೆ. ಅಷ್ಟೇ ಸಾರ್ ಇದೂನೂವೆ."

"ನಿಮ್ಮಾವ ಪಕ್ಕದ ಮನೇದು ಅಂದ್ಕಂಡು ಮನೆ ಕುರೀನೇ ಆಚೆಗೆ ತಳ್ಬುಟ್ರೆ?" ಎಂದು ನಾನು ಮೂಗು ತೂರಿಸಿದೆ.

"ಅದಕ್ಕೇ ಅಣ್ಣ, ಯಾವ್ದು ನಮ್ದು ಅಂತ ಮೊದ್ಲು ಗೊತ್ತಿರ್ಬೇಕು" ಎಂದರು ಅವರು.

ಮ್ಯಾನೇಜರು ತಲೆ ಕೆರೆದುಕೊಂಡು ಒಂದು ತೀರ್ಮಾನ ಮಾಡಿದರು. ಬಿಡದಿಯ ಶೆಡ್ಡಿನಲ್ಲಿ ಎರಡು ಲೈನು. ಎಡಗಡೆಯದು ನನಗೆ, ಬಲಗಡೆಯದು ಅವರಿಗೆ. ಯಾರ ದಾರಿ ಗೆಲ್ಲುತ್ತದೋ ಅವರು ಹಾರೋಹಳ್ಳಿಗೆ.

ಮೊದಲು ಮುಗಿಸಿದವನು ನಾನು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಇದನ್ನು ಎಲ್ಲರೂ ಮರೆತರು. ನನ್ನ ಲೈನು ಎದ್ದು ಕೆಲಸ ಮಾಡುತ್ತಿದ್ದಾಗ ಅವರು ಇನ್ನೂ ಫೈಲ್ ಬರೆಯುತ್ತಾ, ಅಳಿಸುತ್ತಾ, ಹೂ ಕಟ್ಟುತ್ತಾ ಕೂತಿದ್ದರು. ಅವರ ಲೈನಿನವರು ಹಳೆಯ ಸಿಸ್ಟಮ್ಮಿನಲ್ಲೇ ಒದ್ದಾಡುತ್ತಿದ್ದರು. ಪುಟ್ಟಸ್ವಾಮಿ ನನ್ನ ಬೆನ್ನು ಚಪ್ಪರಿಸಿ, "ಕೈ ಕೆಸರಾದ್ರೆ ಬಾಯಿ ಮೊಸರು ಅನ್ನೋದು ಇದಕ್ಕೇ ಕಣ್ಲಾ" ಎಂದ. ಆಮೇಲೆ ಒಂದು ಬೆಳಿಗ್ಗೆ, ಅವರ ಇಡೀ ಲೈನು ಒಟ್ಟಿಗೇ ಸಿದ್ಧವಾಯಿತು. ಅವರು ಕುರ್ಚಿಯಿಂದ ಎದ್ದಿರಲಿಲ್ಲ. ಅದೊಂದು ಆಕಸ್ಮಿಕ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ತಂಗಿಯ ಮನೆಯ ಮದುವೆಗೆಂದು ರಜೆ ಹಾಕಿ ಹೋದಾಗ ಅವರ ಲೈನಿನಿಂದ ಯಾರೂ ಅವರಿಗೆ ಫೋನು ಮಾಡಲಿಲ್ಲ. ಅದೇ ವಾರ ನಾನು ಹಲ್ಲುನೋವೆಂದು ಮನೆಯಲ್ಲುಳಿದೆ. ನನ್ನ ಫೋನು ಹೊಡೆದುಕೊಂಡೇ ಹೊಡೆದುಕೊಂಡಿತು. ಜೀವಮಾನದಲ್ಲಿ ಮೊದಲ ಸಲ ಆ ಸದ್ದು ನನಗೆ ಹೆಮ್ಮೆ ತರಲಿಲ್ಲ.

ದೇವರು ನನ್ನ ಕಡೆಗಿದ್ದಾನೆ ಅನ್ನಿಸಿದ್ದು ಆಯುಧಪೂಜೆಯ ದಿನ.

ನಮ್ಮಲ್ಲಿ ಒಂದು ರೂಢಿಯುಂಟು. ಆಯುಧಪೂಜೆಗೆ ಮಿಷನ್ನುಗಳಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕಡಲೆಪುರಿ ಹಂಚುವುದು ಎಲ್ಲ ಕಡೆಯೂ ಇರುವಂಥದ್ದೇ. ನಮ್ಮ ಹೆಂಗಸರು ಅದರ ಜೊತೆಗೆ ತಮ್ಮ ಸಿಸ್ಟಮ್ಮಿನ ಪರದೆಯ ಮೇಲೆ ಮನೆದೇವರನ್ನು ತಂದು ಕೂರಿಸುತ್ತಾರೆ. ಒಬ್ಬಳದು ಕಬ್ಬಾಳಮ್ಮ, ಒಬ್ಬಳದು ಮಾದಪ್ಪ, ಇನ್ನೊಬ್ಬಳದು ಮಾಗಡಿ ರಂಗನಾಥ. ನಸೀಮಾಳದ್ದು ದರ್ಗಾದ ಚಿತ್ರ. ಮುಂದಿನ ಆಯುಧಪೂಜೆಯವರೆಗೂ ಆ ದೇವರು ಅಲ್ಲೇ ಇರಬೇಕು. ಬೆಳಿಗ್ಗೆ ದೇವರ ಮುಖ ನೋಡಿ, ಪರದೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡೇ ವೈರು ಹಿಡಿಯುವುದು.

ಹೊಸದಾಗಿ ಸಜ್ಜು ಮಾಡುವಾಗ ಎರಡೂ ಲೈನಿನ ಹಳೆಯ ದೇವರುಗಳು ಹೋಗಿದ್ದರು, ಹಬ್ಬ ಹತ್ತಿರವಿದ್ದದ್ದರಿಂದ ಯಾರೂ ತಕರಾರು ತೆಗೆದಿರಲಿಲ್ಲ. ಆ ಸಲವೂ ಕೂರಿಸಿದರು. ಮಂಗಳಾರತಿ ಮುಗಿಸಿ ಶಾಸ್ತ್ರಕ್ಕೆ ಒಂದೊಂದು ಕಟ್ಟು ಹೆಣೆಯಲು ಕೂತರೆ, ನನ್ನ ಎಡಗಡೆ ಲೈನಿನಲ್ಲಿ ದೇವರುಗಳೆಲ್ಲ ಇದ್ದರು. ಬಲಗಡೆ ಲೈನಿನಲ್ಲಿ ಒಬ್ಬ ದೇವರೂ ಇರಲಿಲ್ಲ. ಸಾಲುದ್ದಕ್ಕೂ ಕಂಪನಿಯ ಗುರುತು ಹೊಳೆಯುತ್ತಿತ್ತು. ಪರದೆಯ ಮೇಲೆ ಕಂಪನಿಯ ಗುರುತು ಇರಬೇಕು ಎಂದು ಅವರು ಫೈಲಿನಲ್ಲಿ ಬರೆದಿದ್ದರು. ಪ್ರೋಗ್ರಾಂ ಬಂದು ಇಣುಕಿತು, ಬರೆಯದೆ ಇದ್ದ ದೇವರುಗಳನ್ನು ಆಚೆಗೆ ತಳ್ಳಿತು.

"ಅಯ್ಯೋ, ನಮ್ಮ ಕಬ್ಬಾಳಮ್ಮ ಎಲ್ಲೋದ್ಲು?" ಎಂದು ಜಯಮ್ಮ ಎದೆ ಹಿಡಿದುಕೊಂಡಳು. ಹದಿನೆಂಟಕ್ಕೆ ಸೇರಿ ಲೈನಿನಲ್ಲೇ ತಲೆ ನರೆತ ಹೆಂಗಸು ಅವಳು; ಅವಳು ಎದ್ದರೆ ಸಾಲೇ ಏಳುತ್ತದೆ. "ಹಬ್ಬದ ದಿನ ಅಮ್ಮನ್ನ ಎಬ್ಬುಸ್ಬುಟ್ರಲ್ಲ! ನಾ ವೈರು ಮುಟ್ಟಕ್ಕಿಲ್ಲ ಕಣ್ರಪ್ಪ" ಎಂದು ಕೈಕಟ್ಟಿ ನಿಂತಳು. ಸಾಲೂ ಕೈಕಟ್ಟಿತು.

ಎಲ್ಲರೂ ನನ್ನ ಹತ್ತಿರ ಓಡಿಬಂದರು. "ಅಣ್ಣಾ, ನೀವೇ ಕೂರುಸ್ಕೊಡಿ." ಅಷ್ಟು ದಿನಗಳ ಮೇಲೆ ಆ ಕೂಗು ಕಿವಿಗೆ ತುಪ್ಪ ಸುರಿದಂತಾಯಿತು. ಹೋಗಿ ಒಂದೊಂದಾಗಿ ದೇವರನ್ನು ಕೂರಿಸಿದೆ. ಟೀ ಕುಡಿದು ಬರುವಷ್ಟರಲ್ಲಿ ದೇವರಿಲ್ಲ. ಮತ್ತೆ ಕೂರಿಸಿದೆ. ಮತ್ತೆ ಇಲ್ಲ. ಬಲಗಡೆ ಲೈನು ಅವತ್ತು ನಿಂತಿತು, ವಿಜಯದಶಮಿಯ ರಜೆ ಕಳೆದು ಬಂದರೂ ಏಳಲಿಲ್ಲ. ಮ್ಯಾನೇಜರು ಬಂದು ಎಲ್ಲರೆದುರೇ ಅವರನ್ನು ಬೈದರು. ಬೈಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೋಳಿಗೆ ತಿಂದಷ್ಟು ಸಂತೋಷವಾಯಿತು.

"ಏನ್ ಮೇಡಂ, ನಿಮ್ಮಾವ ಮನೆ ಕುರೀನೇ ಆಚೆಗೆ ತಳ್ಬುಟ್ರಲ್ಲ" ಎಂದೆ.

ಅವರ ಮುಖ ಬಿಳಿಚಿಕೊಂಡಿತ್ತು. ಆದರೆ ಕೋಪಿಸಿಕೊಳ್ಳಲಿಲ್ಲ. "ಹೂಂ ಅಣ್ಣ. ಮಾವಂದೇನೂ ತಪ್ಪಿಲ್ಲ. ಯಾವ್ದು ನಮ್ದು ಅಂತ ಕೇಳ್ದೇ ಬರ್ದೋಳು ನಾನು."

"ಪರದೆ ತಂಟೆಗೆ ಹೋಗಬೇಡ ಅಂತ ಆ ಪ್ರೋಗ್ರಾಂಗೆ ಹೇಳ್ಬುಡಿ, ಮುಗೀತು" ಎಂದೆ. ಬೇಕಂತಲೇ ಸುಲಭದ ದಾರಿ ತೋರಿಸಿದೆ. ಅವರು ಅದನ್ನು ಹಿಡಿದಿದ್ದರೆ ಅವರ ದಾರಿ ಅರ್ಧಕ್ಕೇ ನಿಂತಂತಾಗುತ್ತಿತ್ತು.

ಅವರು ತಲೆಯಾಡಿಸಿದರು. "ಹಂಗ್ ಬುಟ್ರೆ, ಸಿಸ್ಟಮ್ ಕೆಟ್ಟು ಹೊಸದು ಬಂದ ದಿವ್ಸ ಅವ್ರ ದೇವ್ರು ಮತ್ತೆ ಹೋಯ್ತದೆ. ಇರ್ಬೇಕು ಅಂದ್ರೆ ಬರೀಬೇಕು ಅಣ್ಣ."

ಹಾಗೆಂದವರು ಎದ್ದರು. ಆ ಹೆಂಗಸು ಕುರ್ಚಿ ಬಿಟ್ಟು ಶೆಡ್ಡಿನೊಳಗೆ ನಡೆದದ್ದನ್ನು ನಾನು ನೋಡಿದ್ದು ಅವತ್ತೇ. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಸೊಂಟಕ್ಕೆ ಆನಿಸಿಕೊಂಡು ಒಬ್ಬೊಬ್ಬರ ಮುಂದೂ ನಿಂತು, "ನಿಮ್ಗೆ ಯಾವ ದೇವ್ರು ಇರ್ಬೇಕು?" ಎಂದು ಕೇಳಿದರು. ಜಯಮ್ಮನ ಸರದಿ ಬಂದಾಗ ಅವಳು ತಡವರಿಸಿದಳು. ಕಬ್ಬಾಳಮ್ಮ ಗಂಡನ ಮನೆಯ ದೇವರು. ಇಷ್ಟು ವರ್ಷ ಅದನ್ನೇ ಕೂರಿಸಿದ್ದಳು. "ನಂಗೇ?" ಎಂದು ಕೇಳಿದಳು.

"ನಿಮ್ಗೇ. ನೀವ್ ತಾನೆ ಇಲ್ಲಿ ಕೂರೋರು?"

ಜಯಮ್ಮ ಆಚೀಚೆ ನೋಡಿ ಮೆಲ್ಲಗೆ, "ನಮ್ಮವ್ವನ ಮನೆ ದೇವ್ರು ಕೆಂಗಲ್ ಆಂಜನೇಯ. ಇಬ್ರೂ ಇರ್ಬೋದಾ ಅಕ್ಕ?" ಎಂದಳು.

ಇಬ್ಬರೂ ಇದ್ದರು. ಅವರು ಪ್ರತಿ ಸಿಸ್ಟಮ್ಮಿನ ಹೆಸರಿನ ಮುಂದೆ ಅವರವರು ಕೇಳಿದ ದೇವರನ್ನು ಬರೆದರು. ಟೀ ಹೊತ್ತಿಗೆ ಬಲಗಡೆ ಲೈನಿನ ಪರದೆಗಳೆಲ್ಲ ಮಿನುಗಿದವು, ದೇವರುಗಳು ತಾವಾಗಿಯೇ ಬಂದು ಕೂತರು. ಜಯಮ್ಮ ಪರೀಕ್ಷೆಗೆಂದು ತನ್ನ ಆಂಜನೇಯನನ್ನು ಬೇಕಂತಲೇ ಅಳಿಸಿದಳು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಂದ. ಅವಳು ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡು, "ಅಕ್ಕ ಕೂರ್ಸಿದ್ ದೇವ್ರು ಹೋಗಕ್ಕಿಲ್ಲ ಕಣ್ರೇ!" ಎಂದು ಕೂಗಿದಳು. ನಾನು ಎಡಗಡೆ ಲೈನಿನಲ್ಲಿ, ನನ್ನ ಕೈಯಾರೆ ಕೂರಿಸಿದ ದೇವರುಗಳ ನಡುವೆ ನಿಂತಿದ್ದೆ. ಮೇಡಂ ಮುಖವನ್ನು ನೋಡಲು ನನಗೆ ಮನಸ್ಸಾಗಲಿಲ್ಲ.

ಸ್ವಲ್ಪ ದಿನಕ್ಕೆ ನನ್ನ ಲೈನಿನ ಒಂದು ಸಿಸ್ಟಮ್ ಸುಟ್ಟುಹೋಯಿತು. ಹೊಸದು ತರಿಸಿ ಅದರ ಮುಂದೆ ಕೂತು ಅಪ್ಪಣೆ ಕೊಟ್ಟೆ, ಕೊಟ್ಟೆ. ಮೊದಲಿನ ಸಲ ಏನೇನು ಮಾಡಿದ್ದೆನೋ ಅದರಲ್ಲಿ ಒಂದೆರಡು ನೆನಪಿಗೆ ಬರಲೇ ಇಲ್ಲ. ಲೇಬಲ್ ಸೊಟ್ಟಗೆ ಬಂತು. ಅಲ್ಲಿ ಕೂರುತ್ತಿದ್ದ ಹುಡುಗಿ ಪಾಪ, ಬಹಳ ಮರ್ಯಾದೆಯಿಂದಲೇ ಕೇಳಿದಳು: "ಅಣ್ಣ, ನಮ್ ಲೈನ್ನೂ ಅಕ್ಕನ ಕಡೀಕೆ ಸೇರುಸ್ಬುಡಿ ಅಂತ ಸಾರ್‌ಗೆ ಹೇಳಿದ್ರೆ ನಿಮ್ಗೆ ಬ್ಯಾಸ್ರ ಆಯ್ತದಾ?"

ಬ್ಯಾಸರವಾಯಿತು. ಆದರೂ ಇಲ್ಲ ಎಂದೆ. ತಿಂಗಳು ತಿರುಗುವುದರೊಳಗೆ ಎರಡೂ ಲೈನು ಅವರ ಫೈಲಿಗೆ ಸೇರಿದವು, ಹಾರೋಹಳ್ಳಿಯ ಕುರ್ಚಿ ಅವರದಾಯಿತು. ಮಾವನ ಮನೆಗೆ ನಾನು ಬಹಳ ದಿನ ಹೋಗಲಿಲ್ಲ.

ಅವರೇನೂ ಜಂಬದವರಲ್ಲ. ಜಂಬದವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಹಾರೋಹಳ್ಳಿಯಲ್ಲಿ ಒಂದು ಹಳೆಯ ಲೇಬಲ್ ಪ್ರಿಂಟರ್ ಇತ್ತು. ಅದು ಅವರ ಫೈಲಿಗೆ ಜಪ್ಪಯ್ಯ ಎನ್ನಲಿಲ್ಲ. ಒಂದು ದಿನ ಫೋನು ಮಾಡಿದರು. "ಅಣ್ಣ, ಇದು ನಿಮ್ ಕಡೆ ಮಿಷನ್ನು. ಹಿಂಗಿರ್ಬೇಕು ಅಂದ್ರೆ ಕೇಳಕ್ಕಿಲ್ಲ. ಇದ್ಕೆ ಒಂದಾದ್ಮೇಲೊಂದು ಹೇಳೋರೇ ಆಗ್ಬೇಕು. ಒಸಿ ಬತ್ತೀರಾ?" ಹೋದೆ. ಮೊದಲು ವೈರು ಕಿತ್ತೆ, ಆಮೇಲೆ ಗುಂಡಿ ಒತ್ತಿ ಹಿಡಿದೆ, ಅದು ಕೆಮ್ಮುವವರೆಗೆ ಕಾದೆ, ಆಮೇಲೆ ವೈರು ಚುಚ್ಚಿದೆ. ಎದ್ದಿತು. ಅವರು ಅಲ್ಲಿದ್ದವರಿಗೆಲ್ಲ, "ನೋಡ್ಕಳ್ರಿ, ಇದು ಅಣ್ಣನ ಕೈಲಿ ಮಾತ್ರ ಆಗೋದು" ಎಂದರು. ಒಂದು ಮೊಳ ಕಾಕಡ ಕೊಟ್ಟು, ಮನೆಯವರಿಗೆ ಕೊಡಿ ಎಂದರು. ಸೋತವನನ್ನು ಹೊಗಳುವುದು ಗೆದ್ದವರಿಗೆ ಎಷ್ಟು ಸುಲಭ ಎಂದುಕೊಳ್ಳುತ್ತಾ ದೊಡ್ಡಮಳೂರಿಗೆ ಬಂದೆ. ಹೂವನ್ನು ಹೆಂಡತಿ ಮುಡಿದುಕೊಂಡಳು. ಯಾರು ಕೊಟ್ಟದ್ದು ಎಂದು ನಾನು ಹೇಳಲಿಲ್ಲ.

ನಮ್ಮೂರಿಗೂ ಒಮ್ಮೆ ಬಂದಿದ್ದರು, ತಂಗಿಯನ್ನು ಕರೆದುಕೊಂಡು. ಅಪ್ರಮೇಯ ಸ್ವಾಮಿಯ ಗುಡಿಯಲ್ಲಿರುವ ಅಂಬೆಗಾಲು ಕೃಷ್ಣನಿಗೆ ಮಕ್ಕಳಾಗಲೆಂದು ತೊಟ್ಟಿಲ ಹರಕೆ ಹೊರುವುದುಂಟು. ನಾನೇ ನಿಂತು ದರ್ಶನ ಮಾಡಿಸಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ, "ಅಣ್ಣ, ಕೃಷ್ಣನ ಹತ್ರ ಎಲ್ರೂ ನನ್ ಥರಾನೇ ಕೇಳೋದು, ಮಡಿಲು ತುಂಬಿರ್ಬೇಕು ಅಂತ. ಮೊದ್ಲು ಇದ್ ಮಾಡು, ಆಮೇಲ್ ಅದ್ ಮಾಡು ಅಂತ ಯಾರಾದ್ರೂ ಹೇಳ್ತಾರಾ?" ಎಂದು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ತಂಗಿ ನಾಚಿ ಅವರ ಬೆನ್ನಿಗೆ ಗುದ್ದಿದಳು. ನನಗೂ ನಗು ಬಂತು. ನಗು ತರಿಸುವುದೂ ಅವರಿಗೇ ಬರಬೇಕೇ ಎಂದು ಆಮೇಲೆ ಅನ್ನಿಸಿತು.

ಹೋದದ್ದು ಇದ್ದಕ್ಕಿದ್ದ ಹಾಗೆ. ಬೆಳಿಗ್ಗೆ ಎದೆನೋವು ಎಂದವರು ಮಧ್ಯಾಹ್ನಕ್ಕೆ ಇರಲಿಲ್ಲ. ಪುಟ್ಟಸ್ವಾಮಿ ಫೋನು ಮಾಡಿ, "ಲೇ, ಅಕ್ಕ ಹೋಗ್ಬುಟ್ರು ಕಣ್ಲಾ" ಎಂದ. ಮಣ್ಣಿಗೆ ಹೊರಟೆವು. ಅವನು ಫೋನಿನ ನಕ್ಷೆ ತೆಗೆಯಹೋದ. ಬೇಡ ಎಂದೆ. ಕನಕಪುರ ದಾಟಿ ಬಹಳ ಹೊತ್ತು ಅಲೆದ ಮೇಲೆ ಒಂದು ಕಡೆ ಬೈಕು ನಿಲ್ಲಿಸಿ ನೋಡಿದೆ. ಬೆನ್ನ ಹಿಂದೆ ಜೋಡಿ ಹುಣಸೆಮರ. ಎಡಕ್ಕೆ ಕುರಿ ಹಟ್ಟಿ. ಮುಂದೆ ನೀಲಿ ಗೇಟು, ಅದರ ತುಂಬ ಜನ. ತಡಿಕೆಯ ಬಾಗಿಲಲ್ಲಿ ಅವರ ಮಾವ ಬೀಡಿ ಇಲ್ಲದೆ ಕೂತಿದ್ದರು. ಎಲ್ಲವೂ ಅವರು ಹೇಳಿದ ಹಾಗೆಯೇ ಇತ್ತು.

ಮಾರನೆಯ ದಿನ ಶೆಡ್ಡಿಗೆ ಹೋದರೆ ಒಬ್ಬರೂ ಕೆಲಸ ಶುರು ಮಾಡಿರಲಿಲ್ಲ. ಇವತ್ತೊಂದು ದಿನ ಎಲ್ಲ ಪರದೆಯ ಮೇಲೂ ಅಕ್ಕನ ಫೋಟೊ ಇರಲಿ ಎಂದು ಹೆಂಗಸರು ತಾವೇ ಮಾತಾಡಿಕೊಂಡಿದ್ದರಂತೆ. ಜಯಮ್ಮನ ಮೊಬೈಲಿನಲ್ಲಿದ್ದ ಫೋಟೊ. ತಲೆತುಂಬ ಕಾಕಡ ಮುಡಿದು ಕ್ಯಾಂಟೀನಿನಲ್ಲಿ ನಗುತ್ತಿರುವುದು. ಬೆಳಿಗ್ಗೆಯೇ ಹಾಕಿದ್ದರು. ಹಾಕಿ ಊದುಬತ್ತಿ ಹಚ್ಚುವಷ್ಟರಲ್ಲಿ ಫೋಟೊ ಹೋಗಿ ದೇವರುಗಳು ಬಂದು ಕೂತಿದ್ದರು.

"ಅಣ್ಣ, ಅಕ್ಕ ನಿಲ್ತಾ ಇಲ್ಲ" ಎಂದು ಜಯಮ್ಮ ಗಳಗಳನೆ ಅತ್ತಳು. "ದೇವ್ರನ್ನ ಹೋಗ್ದಂಗ್ ಕೂರ್ಸಿದ್ರು. ಅವ್ರೇ ನಿಲ್ತಾ ಇಲ್ಲ."

ಪುಟ್ಟಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದ. ಅವರ ಫೈಲಿಗೆ ಕೈಹಾಕುವ ಅಧಿಕಾರ ಈಗ ಉಳಿದದ್ದು ನನಗೊಬ್ಬನಿಗೆ. "ಏನ್ಲಾ ನೋಡ್ತಾ ನಿಂತಿದ್ದೀಯ? ಆ ಫೈಲಲ್ಲಿ ಒಂದ್ ಗೆರೆ ಬರುದ್ರೆ ಎಲ್ಲಾದ್ರಲ್ಲೂ ಬಂದು ನಿಂತ್ಕತದಲ್ಲ, ಬರ್ದಾಕು" ಎಂದ.

ಹೋಗಿ ಅವರ ಹಳೆಯ ಕುರ್ಚಿಯಲ್ಲಿ ಕೂತೆ. ಫೈಲು ತೆರೆದೆ. ಮೇಲಿಂದ ಕೆಳಗಿನವರೆಗೆ ಇರಬೇಕು, ಇರಬೇಕು, ಇರಬೇಕು. ಕಬ್ಬಾಳಮ್ಮ ಇರಬೇಕು, ಮಾದಪ್ಪ ಇರಬೇಕು, ಆಂಜನೇಯ ಇರಬೇಕು. ಒಂದು ಗೆರೆಯ ಕೆಲಸ. ಬೆರಳು ಏಳಲಿಲ್ಲ.

"ಇಲ್ದೇ ಇರೋರ್ನ ಇರ್ಬೇಕು ಅಂತ ಹೆಂಗ್ ಬರೀಲಿ ಪುಟ್ಟಸ್ವಾಮಿ?" ಎಂದೆ.

ನಾನು ಎದ್ದು ಲೈನಿಗೆ ಹೋದೆ. ಮೊದಲನೇ ಸಿಸ್ಟಮ್ಮಿನ ಮುಂದೆ ಬಗ್ಗಿ, ನನಗೆ ಬರುವ ಹಾಗೆ, ಒಂದೊಂದೇ ಅಪ್ಪಣೆ ಕೊಟ್ಟು ಫೋಟೊ ಹಾಕಿದೆ. ಎರಡನೆಯದಕ್ಕೆ ಹೋದೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲನೆಯದರಲ್ಲಿ ಅವರು ಹೋಗಿ ಮಾದಪ್ಪ ಬಂದಿದ್ದ. ವಾಪಸ್ಸು ಬಂದು ಮತ್ತೆ ಹಾಕಿದೆ. ಹೆಂಗಸರು ಕೆಲಸ ಶುರು ಮಾಡಿದರು. ಯಾರ ಮುಂದೆ ಅಕ್ಕ ಹೋದರೋ ಅವರು ಕೈಯೆತ್ತುತ್ತಿದ್ದರು, ನಾನು ಓಡುತ್ತಿದ್ದೆ. ಇಷ್ಟು ವರ್ಷ ಓಡಿದ್ದೂ ಓಡಿದೆ, ಅಂಥ ಓಟ ಎಂದೂ ಓಡಿರಲಿಲ್ಲ. ನಾನು ಹಾಕುತ್ತಿದ್ದೆ, ಅವರು ತಮ್ಮ ಫೈಲಿನ ಕೈಯಿಂದ ತೆಗೆಸುತ್ತಿದ್ದರು. ನಾನು ಹಾಕುತ್ತಿದ್ದೆ, ಅವರು ತೆಗೆದು ದೇವರನ್ನು ಕೂರಿಸುತ್ತಿದ್ದರು. ಇದೊಂದು ದಿನವಾದರೂ ಬಿಟ್ಟುಕೊಡಿ ಮೇಡಂ ಎಂದು ಬಾಯಲ್ಲೇ ಗೊಣಗಿದೆ.

ಸೈರನ್ ಆದಾಗ ಜಯಮ್ಮನ ಸಿಸ್ಟಮ್ಮಿನ ಮುಂದೆ ಬೆವತು ನಿಂತಿದ್ದೆ. ಆಗಷ್ಟೇ ಹಾಕಿದ್ದೆ, ಕಾಕಡ ಮುಡಿದು ನಗುತ್ತಿದ್ದರು. ನೋಡುತ್ತಿದ್ದಂತೆಯೇ ಪರದೆ ಒಮ್ಮೆ ಮಿನುಗಿತು. ಕಬ್ಬಾಳಮ್ಮನೂ ಆಂಜನೇಯನೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಜಯಮ್ಮ ಪರದೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

ಆ ಸಲವೂ ಅವರೇ ಗೆದ್ದರು.